ಪರಿಚಿತರೇ ಕಾರು ಕೆಡಿಸಿದಾಗ: ಠಾಣೆ, ವಿಮೆ, ಕೋರ್ಟು, ಲೋಕ ಅದಾಲತ್ ಸೇವೆಗಳ ವಿಮರ್ಶೆ

ನಿಲ್ಲಿಸಿದ್ದ ಕಾರಿಗೆ ಗೀರು ಎಳೆದವರು ಯಾರೆಂದು ಗೊತ್ತೇ ಆಗದಿದ್ದರೆ ಮಾಲೀಕನ ಕೆಲಸ ಸುಲಭ. ಠಾಣೆಗೊಂದು ದೂರು ಕೊಟ್ಟು, ವಿಮಾ ಕಂಪನಿಗೆ ತಿಳಿಸಿ, ಕಾರನ್ನು ಗ್ಯಾರೇಜಿಗೆ ಬಿಟ್ಟರೆ ಮುಗಿಯಿತು. ಆದರೆ ಆ ಕೆಲಸ ಮಾಡಿದವರು ಎದುರು ಮನೆಯವರೋ, ದಾಯಾದಿಗಳೋ, ವ್ಯವಹಾರ ಮುರಿದುಕೊಂಡ ಪಾಲುದಾರರೋ ಆಗಿದ್ದರೆ ಅಷ್ಟೇ ಹಾನಿ ಬೇರೆಯೇ ಸ್ವರೂಪ ಪಡೆಯುತ್ತದೆ. ಠಾಣೆಯಲ್ಲಿ ‘ನೀವು ನೀವೇ ಕೂತು ಮಾತಾಡಿಕೊಳ್ಳಿ’ ಎನ್ನುತ್ತಾರೆ, ನೆಂಟರು ‘ಹೋಗಲಿ ಬಿಡು, ದಿನಾ ಮುಖ ನೋಡಬೇಕಾದವರು’ ಎನ್ನುತ್ತಾರೆ, ಗ್ಯಾರೇಜಿನವರು ‘ಪಾರ್ಕಿಂಗಿನಲ್ಲಿ ತಾಗಿತು ಅಂತ ಬರೆದುಬಿಡಿ ಸಾರ್’ ಎಂದು ಸಲಹೆ ಕೊಡುತ್ತಾರೆ. ಇಂತಹ ಸಂದರ್ಭದಲ್ಲಿ ಕರ್ನಾಟಕದಲ್ಲಿರುವ ಸಾಮಾನ್ಯ ವಾಹನ ಮಾಲೀಕನೊಬ್ಬನಿಗೆ ನಾಲ್ಕು ಕಡೆ ಸೇವೆ ದೊರೆಯುತ್ತದೆ: ಪೊಲೀಸ್ ಠಾಣೆ, ವಿಮಾ ಕಂಪನಿ, ಸಿವಿಲ್ ನ್ಯಾಯಾಲಯ ಮತ್ತು ರಾಜಿಯಿಂದ ವ್ಯಾಜ್ಯ ಮುಗಿಸುವ ಲೋಕ ಅದಾಲತ್ ನಡೆಸುವ ಕಾನೂನು ಸೇವಾ ಪ್ರಾಧಿಕಾರ. ಈ ನಾಲ್ಕರಲ್ಲಿ ಮೂರನ್ನು ನಾನು ಸ್ವತಃ ಬಳಸಿದ್ದೇನೆ, ಸಿವಿಲ್ ನ್ಯಾಯಾಲಯದ ಬಾಗಿಲವರೆಗೆ ಮಾತ್ರ ವಕೀಲರೊಂದಿಗೆ ಹೋಗಿ ಹಿಂದಿರುಗಿದ್ದೇನೆ. ಆ ಅನುಭವವನ್ನೂ ಕಾನೂನು ಹೇಳುವುದನ್ನೂ ಜೊತೆಗಿಟ್ಟು ಈ ವಿಮರ್ಶೆ ಬರೆಯುತ್ತಿದ್ದೇನೆ.

ಪ್ರಕರಣ ಚಿಕ್ಕದು. ನಮ್ಮ ಬೀದಿಯಲ್ಲಿ ವಾಹನ ನಿಲ್ಲಿಸುವ ಜಾಗದ ಬಗ್ಗೆ ಬಹುಕಾಲದಿಂದ ತಕರಾರಿತ್ತು. ಒಂದು ರಾತ್ರಿ, ನಮ್ಮ ಮನೆಯ ಶುಭಕಾರ್ಯಗಳಿಗೆ ಬಂದು ಉಂಡು ಹೋಗಿದ್ದ ನೆರೆಯವರೊಬ್ಬರು ನನ್ನ ಸಣ್ಣ ಕಾರಿನ ಎಡಮಗ್ಗುಲಿನ ಉದ್ದಕ್ಕೂ ಕೀಲಿಯಿಂದ ಗೀರೆಳೆದು, ಹಿಂಬದಿಯ ಗಾಜು ಒಡೆದು, ಒಂದು ಕನ್ನಡಿಯನ್ನು ಕಿತ್ತು ಹಾಕಿದರು. ಎದುರಿನ ಅಂಗಡಿಯ ಕ್ಯಾಮೆರಾದಲ್ಲಿ ಅವರ ಮುಖ ಸ್ಪಷ್ಟವಾಗಿ ದಾಖಲಾಗಿತ್ತು. ಅಧಿಕೃತ ವರ್ಕ್‌ಶಾಪಿನ ಅಂದಾಜು ಪಟ್ಟಿಯಲ್ಲಿ ಬಣ್ಣಕ್ಕೆ 18,000, ಗಾಜಿಗೆ 7,000, ಕನ್ನಡಿಗೆ 6,000, ಕೂಲಿಗೆ 3,000, ಹೀಗೆ ಒಟ್ಟು 34,000 ರೂಪಾಯಿ ಬಂತು.

ಈ ಒಟ್ಟು ಮೊತ್ತವೇ ಇಡೀ ವಿಷಯದ ಕೀಲಕ ಎಂಬುದು ನನಗೆ ಠಾಣೆಯಲ್ಲಿ ಮನವರಿಕೆಯಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 324, ಬೇಕೆಂದೇ ಇನ್ನೊಬ್ಬರ ಸ್ವತ್ತು ಕೆಡಿಸುವ ಅಪರಾಧವನ್ನು ಹಾನಿಯ ಬೆಲೆಗೆ ತಕ್ಕಂತೆ ಮೆಟ್ಟಿಲುಗಳಾಗಿ ವಿಂಗಡಿಸಿದೆ. ಸಾಮಾನ್ಯ ಹಾನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡೂ. ಹಾನಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿದ್ದು ಒಂದು ಲಕ್ಷಕ್ಕಿಂತ ಕಡಿಮೆಯಿದ್ದರೆ ಎರಡು ವರ್ಷದವರೆಗೆ. ಒಂದು ಲಕ್ಷ ಅಥವಾ ಅದನ್ನು ಮೀರಿದರೆ ಐದು ವರ್ಷದವರೆಗೆ. ಹಳೆಯ ಭಾರತೀಯ ದಂಡ ಸಂಹಿತೆಯ ಕಲಂ 427ರಲ್ಲಿ ಐವತ್ತು ರೂಪಾಯಿ ಹಾನಿಯಾದರೂ ಎರಡು ವರ್ಷದ ಶಿಕ್ಷೆಗೆ ಅವಕಾಶವಿತ್ತು ಎಂಬುದನ್ನು ನೆನೆದರೆ, ಹೊಸ ಕಾನೂನು ಹಣದುಬ್ಬರಕ್ಕೆ ತಕ್ಕಂತೆ ತನ್ನನ್ನು ತಿದ್ದಿಕೊಂಡಿದೆ ಎನ್ನಬಹುದು. ಆದರೆ ದೂರುದಾರನಿಗೆ ಮುಖ್ಯವಾದದ್ದು ಶಿಕ್ಷೆಯ ಅವಧಿಗಿಂತ ಬೇರೊಂದು ಭೇದ. ಒಂದು ಲಕ್ಷದೊಳಗಿನ ಹಾನಿ ಅಸಂಜ್ಞೇಯ ಅಪರಾಧ, ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಒಂದು ಲಕ್ಷ ಮುಟ್ಟಿದರೆ ಅದು ಸಂಜ್ಞೇಯ, ಆಗ ಎಫ್‌ಐಆರ್ ದಾಖಲಿಸುವುದು ಅವರ ಕರ್ತವ್ಯ. ಬೆಂಕಿ ಹಚ್ಚಿದ್ದರೆ ಮಾತೇ ಬೇರೆ: ಅದು ಕಲಂ 326ರ ವ್ಯಾಪ್ತಿಗೆ ಬಂದು ಏಳು ವರ್ಷದವರೆಗಿನ ಶಿಕ್ಷೆಯ ಸಂಜ್ಞೇಯ ಅಪರಾಧವಾಗುತ್ತದೆ.

ನಮ್ಮ ನಗರಗಳಲ್ಲಿ ನೆರೆಹೊರೆಯ ಜಗಳದಿಂದಾಗುವ ಗೀರು, ಒಡೆದ ಗಾಜು, ಕೊಯ್ದ ಟೈರುಗಳ ಬೆಲೆ ಸಾಮಾನ್ಯವಾಗಿ ಒಂದು ಲಕ್ಷದ ಒಳಗೇ ನಿಲ್ಲುವುದರಿಂದ, ಹೆಚ್ಚಿನ ಮಾಲೀಕರು ನನ್ನಂತೆಯೇ ಅಸಂಜ್ಞೇಯದ ಕಡೆ ಬೀಳುತ್ತಾರೆ. ಠಾಣೆಯಲ್ಲಿ ‘ಇದಕ್ಕೆಲ್ಲ ಎಫ್‌ಐಆರ್ ಆಗುವುದಿಲ್ಲ’ ಎಂದು ಹೇಳುವುದು ಆದ್ದರಿಂದ ಎಲ್ಲ ಸಲವೂ ನುಣುಚಿಕೊಳ್ಳುವ ಮಾತೇನಲ್ಲ. ನುಣುಚಿಕೊಳ್ಳುವಿಕೆ ಶುರುವಾಗುವುದು ‘ಆದ್ದರಿಂದ ಏನನ್ನೂ ಬರೆದುಕೊಳ್ಳುವುದಿಲ್ಲ’ ಎಂಬ ಮುಂದಿನ ವಾಕ್ಯದಲ್ಲಿ. ತನಿಖೆ, ವಿಚಾರಣೆಗಳ ವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 174ರ ಪ್ರಕಾರ ಅಸಂಜ್ಞೇಯ ಅಪರಾಧದ ಮಾಹಿತಿಯನ್ನೂ ಠಾಣಾಧಿಕಾರಿ ಪುಸ್ತಕದಲ್ಲಿ ನಮೂದಿಸಿ, ದೂರುದಾರನಿಗೆ ಮ್ಯಾಜಿಸ್ಟ್ರೇಟರ ಬಳಿ ಹೋಗುವಂತೆ ತಿಳಿಸಬೇಕು; ಅಂತಹ ಪ್ರಕರಣಗಳ ದಿನಚರಿ ವರದಿಯನ್ನು ಹದಿನೈದು ದಿನಕ್ಕೊಮ್ಮೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು ಎಂಬುದು ಹೊಸದಾಗಿ ಸೇರಿರುವ ನಿಯಮ. ನಾನು ಹೋದ ಠಾಣೆಯಲ್ಲಿ ಮೊದಲು ಅರ್ಜಿಯನ್ನು ಕೈಯಲ್ಲಿ ಹಿಡಿದು ಓದಿ ಹಿಂದಕ್ಕೆ ಕೊಟ್ಟರು. ಕಲಂ 174ರ ಉಲ್ಲೇಖವಿದ್ದ ಎರಡನೆಯ ಅರ್ಜಿಯನ್ನು ಕೊಟ್ಟಾಗ ನಮೂದು ಮಾಡಿ ಹಿಂಬರಹ, ಅಂದರೆ ದೂರು ಸ್ವೀಕರಿಸಿದ್ದಕ್ಕೆ ಠಾಣೆಯ ಲಿಖಿತ ಉತ್ತರ, ಕೊಟ್ಟರು. ನಡವಳಿಕೆಯಲ್ಲಿ ಒರಟುತನವಿರಲಿಲ್ಲ, ಉತ್ಸಾಹವೂ ಇರಲಿಲ್ಲ. ಆ ಒಂದು ಹಾಳೆಯ ಹಿಂಬರಹವೇ ಮುಂದೆ ವಿಮೆಯವರ ಬಳಿ, ಲೋಕ ಅದಾಲತ್ತಿನಲ್ಲಿ, ವಕೀಲರ ಕಚೇರಿಯಲ್ಲಿ ನನಗೆ ಕೆಲಸಕ್ಕೆ ಬಂದ ಕಾಗದ. ಘಟನೆ ಗೊತ್ತಾದ ಕೂಡಲೇ 112ಕ್ಕೆ ಕರೆ ಮಾಡಿದರೆ ಅದೂ ಒಂದು ದಾಖಲೆಯಾಗಿ ಉಳಿಯುತ್ತದೆ.

ಠಾಣೆಯವರು ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ತಾವೇ ಎಫ್‌ಐಆರ್ ಮಾಡುವುದೂ ಉಂಟು. ಅಂತಹ ಸಂದರ್ಭದಲ್ಲಿ ಅನುಮತಿ ಆದೇಶದ ಪ್ರತಿಯನ್ನು ಪಡೆದು ಓದುವುದು ಒಳಿತು. ಏಕೆಂದರೆ ಠಾಣೆಯ ಕೋರಿಕೆ ಪತ್ರದ ಮೂಲೆಯಲ್ಲಿ ಕಾರಣ ಬರೆಯದೆ ‘ಅನುಮತಿಸಿದೆ’ ಎಂದಷ್ಟೇ ಷರಾ ಹಾಕಿದ್ದ ಪ್ರಕರಣಗಳನ್ನು, ಮ್ಯಾಜಿಸ್ಟ್ರೇಟರು ವಿವೇಚನೆ ಬಳಸಿಲ್ಲವೆಂಬ ಕಾರಣಕ್ಕೆ ಕರ್ನಾಟಕ ಹೈಕೋರ್ಟ್ ಹಲವು ಸಲ ರದ್ದುಪಡಿಸಿದೆ. ಎದುರಾಳಿಯ ವಕೀಲರು ಮೊದಲು ನೋಡುವುದು ಇದನ್ನೇ.

ಹಾನಿಯ ಮೊತ್ತ ಕಡಿಮೆಯಿದ್ದರೂ ಪ್ರಕರಣ ಸಂಜ್ಞೇಯವಾಗುವ ಒಂದು ನ್ಯಾಯವಾದ ದಾರಿಯಿದೆ. ಕಾರು ಬೀದಿಯಲ್ಲಿರದೆ ನಿಮ್ಮ ಕಾಂಪೌಂಡಿನೊಳಗಿದ್ದು, ಅದನ್ನು ಕೆಡಿಸಲೆಂದೇ ಆ ವ್ಯಕ್ತಿ ಒಳಗೆ ಬಂದಿದ್ದರೆ ನ್ಯಾಯ ಸಂಹಿತೆಯ ಕಲಂ 329ರ ಅತಿಕ್ರಮ ಪ್ರವೇಶದ ಅಪರಾಧವೂ ಜೊತೆಗೂಡುತ್ತದೆ, ಅದು ಸಂಜ್ಞೇಯ. ಹಲವು ಅಪರಾಧಗಳಲ್ಲಿ ಒಂದು ಸಂಜ್ಞೇಯವಾದರೂ ಇಡೀ ಪ್ರಕರಣವನ್ನು ಸಂಜ್ಞೇಯವೆಂದೇ ಪರಿಗಣಿಸಬೇಕೆಂದು ಕಾನೂನೇ ಹೇಳುತ್ತದೆ. ಆದ್ದರಿಂದ ಗೇಟು ದಾಟಿ ಬಂದದ್ದನ್ನು ದೂರಿನಲ್ಲಿ ಬರೆಯಲು ಮರೆಯಬಾರದು. ಅಪಾರ್ಟ್‌ಮೆಂಟಿನ ಸಾಮಾನ್ಯ ಪಾರ್ಕಿಂಗಿನಲ್ಲಿ ಅಲ್ಲಿನ ನಿವಾಸಿಯೇ ಹೀಗೆ ಮಾಡಿದ್ದರೆ ಈ ವಾದ ನಿಲ್ಲುವುದು ಕಷ್ಟ, ಏಕೆಂದರೆ ಅಲ್ಲಿ ಓಡಾಡುವ ಹಕ್ಕು ಅವರಿಗೂ ಇದೆ. ಇದಕ್ಕೆ ವ್ಯತಿರಿಕ್ತವಾಗಿ ಅನ್ಯಾಯದ ದಾರಿಯೊಂದನ್ನೂ ನನಗೆ ಕೆಲವರು ಸೂಚಿಸಿದರು: ಅಂದಾಜು ಪಟ್ಟಿಯನ್ನು ಹಿಗ್ಗಿಸಿ ಒಂದು ಲಕ್ಷ ದಾಟಿಸುವುದು. ಹಾನಿ ಅಳೆಯಲು ಬರುವ ವಿಮೆಯ ಸರ್ವೇಯರ್ ಅದೇ ಕಾರಿಗೆ ಬೇರೆ ಮೊತ್ತ ಬರೆದ ದಿನ ಆ ಪಟ್ಟಿ ದೂರುದಾರನ ವಿರುದ್ಧವೇ ಸಾಕ್ಷಿಯಾಗುತ್ತದೆ. ಸುಳ್ಳು ದೂರು ಕೊಡುವುದೂ ಅಪರಾಧವೇ.

ಪೊಲೀಸರು ತನಿಖೆಗೆ ಬಾರದಿದ್ದರೆ ಉಳಿಯುವುದು ಖಾಸಗಿ ದೂರು, ನ್ಯಾಯಾಲಯದ ಆವರಣದ ಭಾಷೆಯಲ್ಲಿ ‘ಪಿಸಿಆರ್’. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 223ರ ಅಡಿ ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆ ದೂರು ಸಲ್ಲಿಸಿ, ಪ್ರಮಾಣ ಮಾಡಿ ಹೇಳಿಕೆ ಕೊಡಬೇಕು. ಹೊಸ ಸಂಹಿತೆಯಲ್ಲಿ ಆರೋಪಿಗೆ ತನ್ನ ಮಾತು ಹೇಳಲು ಅವಕಾಶ ಕೊಡದೆ ಮ್ಯಾಜಿಸ್ಟ್ರೇಟರು ಅಪರಾಧದ ಸಂಜ್ಞಾನ ತೆಗೆದುಕೊಳ್ಳುವಂತಿಲ್ಲ, ಅಂದರೆ ಪ್ರಕರಣವನ್ನು ಕೈಗೆತ್ತಿಕೊಳ್ಳುವಂತಿಲ್ಲ, ಆದ್ದರಿಂದ ಆರಂಭದಲ್ಲೇ ಒಂದು ಸುತ್ತು ಹೆಚ್ಚು. ಕಾಲಮಿತಿಯನ್ನೂ ಗಮನಿಸಬೇಕು: ಒಂದು ವರ್ಷದವರೆಗಿನ ಶಿಕ್ಷೆಯ ಅಪರಾಧಕ್ಕೆ ಒಂದು ವರ್ಷ, ಮೂರು ವರ್ಷದವರೆಗಿನದಕ್ಕೆ ಮೂರು ವರ್ಷ. ಅಂದರೆ 20,000 ರೂಪಾಯಿಯೊಳಗಿನ ಹಾನಿಯ ವಿಷಯದಲ್ಲಿ ‘ಸ್ವಲ್ಪ ದಿನ ನೋಡೋಣ’ ಎಂದು ಕೂತರೆ ಹಕ್ಕೇ ಕೈತಪ್ಪೀತು.

ಸಾಕ್ಷ್ಯದ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಕ್ಯಾಮೆರಾ ದೃಶ್ಯವಿದೆ ಎಂಬ ಧೈರ್ಯದಲ್ಲಿ ಮೊಬೈಲಿನಲ್ಲಿ ಪರದೆಯನ್ನೇ ಚಿತ್ರೀಕರಿಸಿಕೊಂಡು ಬರುವವರು ಬಹಳ. ಡಿವಿಆರ್‌ನಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ಮುದ್ರಿತವಾಗುತ್ತಾ ಹೋಗುವುದರಿಂದ ಕೆಲವೇ ದಿನಗಳಲ್ಲಿ ಮೂಲ ಅಳಿಸಿಹೋಗುತ್ತದೆ. ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರಂತೆ ಇಂತಹ ದಾಖಲೆಯ ಪ್ರತಿಯ ಜೊತೆ ಪ್ರಮಾಣಪತ್ರ ಬೇಕು. ಅದರ ನಮೂನೆ ಅಧಿನಿಯಮದ ಅನುಸೂಚಿಯಲ್ಲೇ ಇದ್ದು, ಒಂದು ಭಾಗವನ್ನು ದಾಖಲೆ ಒದಗಿಸುವವರೂ ಇನ್ನೊಂದನ್ನು ತಜ್ಞರೂ ತುಂಬಬೇಕು, ಕಡತ ಬದಲಾಗಿಲ್ಲವೆಂದು ತೋರಿಸುವ ಸಂಕೇತವಾದ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಅಂಗಡಿಯ ಮಾಲೀಕರು ನನಗೆ ಪೆನ್‌ಡ್ರೈವಿನಲ್ಲಿ ದೃಶ್ಯ ಕೊಟ್ಟದ್ದಲ್ಲದೆ, ಕ್ಯಾಮೆರಾ ತಮ್ಮದೆಂದೂ ಆ ದಿನ ಸರಿಯಾಗಿ ಕೆಲಸ ಮಾಡುತ್ತಿತ್ತೆಂದೂ ಸಹಿ ಹಾಕಿದರು. ಆ ಉಪಕಾರ ದೊಡ್ಡದು. ಬೀದಿಯ ಜಗಳದಲ್ಲಿ ಸಾಕ್ಷಿ ನಿಲ್ಲಲು ಯಾರೂ ಒಪ್ಪುವುದಿಲ್ಲ. ದೃಶ್ಯವನ್ನು ಬಡಾವಣೆಯ ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಆಸೆಯನ್ನು ಮಾತ್ರ ಅದುಮಿಕೊಳ್ಳಬೇಕು, ಮಾನನಷ್ಟದ ಪ್ರತಿದೂರಿಗೆ ಅದಕ್ಕಿಂತ ಸುಲಭದ ಆಹ್ವಾನವಿಲ್ಲ.

ಠಾಣೆಯ ಸೇವೆಯಲ್ಲಿ ನನಗೆ ಅತ್ಯಂತ ಅಪನಂಬಿಕೆ ಹುಟ್ಟಿಸಿದ್ದು ಮುಚ್ಚಳಿಕೆ. ಇಬ್ಬರನ್ನೂ ಕರೆಸಿ, ‘ಇನ್ನು ಮುಂದೆ ಹೀಗೆ ಮಾಡುವುದಿಲ್ಲ, ಖರ್ಚು ಕೊಡುತ್ತೇನೆ’ ಎಂದು ಬರೆಸಿಕೊಂಡು ಕಳಿಸುವ ಈ ಪದ್ಧತಿ ನಮ್ಮಲ್ಲಿ ಹಳೆಯದು. ಎಷ್ಟೋ ಜಗಳಗಳು ಅಲ್ಲಿಗೇ ನಿಂತಿರಲೂಬಹುದು. ಆದರೆ ಹಣ ಕೊಡದೆ ಹೋದರೆ ಆ ಕಾಗದದಿಂದ ನೇರವಾಗಿ ವಸೂಲಿ ಸಾಧ್ಯವಿಲ್ಲ. ಪೊಲೀಸ್ ಅಧಿಕಾರಿಯ ಎದುರು ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲವೆಂದು ಸಾಕ್ಷ್ಯ ಅಧಿನಿಯಮವೇ ಹೇಳುವುದರಿಂದ, ‘ನಾನೇ ಮಾಡಿದ್ದು’ ಎಂಬ ಅದರ ಸಾಲಿಗೆ ಕ್ರಿಮಿನಲ್ ವಿಚಾರಣೆಯಲ್ಲಿ ಬೆಲೆಯಿಲ್ಲ. ಜಗಳ ಮುಂದುವರಿಯುವ ಭಯವಿದ್ದರೆ ಅದಕ್ಕಿಂತ ಗಟ್ಟಿಯಾದದ್ದು ನಾಗರಿಕ ಸುರಕ್ಷಾ ಸಂಹಿತೆಯ ಕಲಂ 126ರ ಶಾಂತಿಪಾಲನೆಯ ಬಾಂಡ್. ಕಾರ್ಯನಿರ್ವಾಹಕ ದಂಡಾಧಿಕಾರಿ, ಅಂದರೆ ತಾಲ್ಲೂಕು ಮಟ್ಟದಲ್ಲಿ ಸಾಮಾನ್ಯವಾಗಿ ತಹಸೀಲ್ದಾರರು, ಒಂದು ವರ್ಷದವರೆಗೆ ಇಂತಹ ಬಾಂಡ್ ಬರೆಸಿಕೊಳ್ಳಬಹುದು. ಅದು ಕಾರು ರಿಪೇರಿ ಮಾಡಿಸಿಕೊಡುವುದಿಲ್ಲ, ಎರಡನೆಯ ಗೀರನ್ನು ತಡೆಯಬಹುದು. ಒಟ್ಟಾರೆ ಠಾಣೆಯ ಸೇವೆಗೆ ಐದರಲ್ಲಿ ಎರಡೂವರೆ ಅಂಕ ಕೊಡುತ್ತೇನೆ, ಆ ಎರಡೂವರೆಯೂ ಹಿಂಬರಹದ ಸಲುವಾಗಿ.

ವಿಮೆಗೆ ಬರೋಣ. ಕೇವಲ ಥರ್ಡ್ ಪಾರ್ಟಿ ವಿಮೆಯಿದ್ದವರಿಗೆ ಇಲ್ಲಿ ಏನೂ ಸಿಗುವುದಿಲ್ಲ. ಸಮಗ್ರ ವಿಮೆಯಿದ್ದರೆ ಅದರ ಸ್ವಂತ ಹಾನಿಯ ಭಾಗದಲ್ಲಿ ಅಪಘಾತ, ಬೆಂಕಿ, ಕಳ್ಳತನ, ಪ್ರವಾಹಗಳ ಸಾಲಿನಲ್ಲೇ ದುರುದ್ದೇಶದ ಕೃತ್ಯದಿಂದಾದ ಹಾನಿಯೂ ಸೇರಿರುತ್ತದೆ. ಮಾಡಿದವರು ಪರಿಚಿತರೆಂಬ ಕಾರಣಕ್ಕೆ ಅದು ತಪ್ಪುವುದಿಲ್ಲ. ಗ್ಯಾರೇಜಿನವರ ಮಾತು ಕೇಳಿ ‘ಕಂಬಕ್ಕೆ ತಾಗಿತು’ ಎಂದು ಬರೆದರೆ ಮಾತ್ರ ಅಪಾಯ. ಕ್ಲೇಮ್ ಅರ್ಜಿಯಲ್ಲಿ ಒಂದು ಕಾರಣ, ಪೊಲೀಸ್ ದೂರಿನಲ್ಲಿ ಇನ್ನೊಂದು ಕಾರಣ ಇದ್ದರೆ ತಿರಸ್ಕರಿಸಲು ಕಂಪನಿಗೆ ನೆಪ ಬೇಕಿಲ್ಲ, ನೀವೇ ಕಾರಣ ಕೊಟ್ಟಂತಾಗುತ್ತದೆ. ನನ್ನ ಕಂಪನಿಯ ಸಹಾಯವಾಣಿ ಮೊದಲ ಕರೆಗೇ ಕ್ಲೇಮ್ ಸಂಖ್ಯೆ ಕೊಟ್ಟಿತು. ಸರ್ವೇಯರ್ ಬಂದು ಪ್ರತಿ ಗೀರನ್ನೂ ಅಳೆದು, ಹಳೆಯ ತರಚುಗಳನ್ನು ಬೇರೆ ಮಾಡಿ, ಸಭ್ಯವಾಗಿ ಕೆಲಸ ಮುಗಿಸಿದರು. ಹಿಂಬರಹದ ಪ್ರತಿ ಕೇಳಿದರು, ಎಫ್‌ಐಆರ್ ಬೇಕೇಬೇಕೆಂದು ಹಟ ಹಿಡಿಯಲಿಲ್ಲ.

ತೊಂದರೆಯಿರುವುದು ಲೆಕ್ಕದಲ್ಲಿ, ಅದನ್ನು ಯಾವ ಏಜೆಂಟರೂ ಬಿಡಿಸಿ ಹೇಳುವುದಿಲ್ಲ. ಗಾಜಿಗೆ ಸವಕಳಿ ಕಡಿತ, ಅಂದರೆ ಭಾಗ ಹಳತಾದದ್ದಕ್ಕೆ ಕಳೆಯುವ ಮೊತ್ತ, ಇಲ್ಲ. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧದಷ್ಟು ಕಡಿತ, ಆದ್ದರಿಂದ ಕನ್ನಡಿಯ 6,000ದಲ್ಲಿ 3,000 ಹೋಯಿತು. ಬಣ್ಣದ ಬಿಲ್ಲಿನಲ್ಲಿ ಕಾಲು ಭಾಗವನ್ನು ಸಾಮಗ್ರಿಯ ಬೆಲೆಯೆಂದು ಹಿಡಿದು ಅದರಲ್ಲಿ ಅರ್ಧ ಕಳೆಯುತ್ತಾರೆ, ಹಾಗಾಗಿ 18,000ಕ್ಕೆ 2,250 ಕಡಿತ. 1500 ಸಿಸಿವರೆಗಿನ ಕಾರಿಗೆ ಕಡ್ಡಾಯ ಕಡಿತ 1,000. ಎಲ್ಲ ಕಳೆದು ನನಗೆ ಬರಬೇಕಾದದ್ದು 27,750 ರೂಪಾಯಿ. ಕೇಳಲು ಚೆನ್ನಾಗಿದೆ. ಆದರೆ ಕ್ಲೇಮ್ ಪಡೆದ ಮರುವರ್ಷ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದಿದ್ದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಸೊನ್ನೆಗೆ ಇಳಿಯುತ್ತದೆ, ಮತ್ತೆ ಶೇ 20, 25, 35, 45, 50 ಎಂದು ಮೆಟ್ಟಿಲು ಹತ್ತಬೇಕು. ನನ್ನದು ಶೇ 35ರಲ್ಲಿತ್ತು, ಮುಂದಿನ ನವೀಕರಣಕ್ಕೆ 45, ಅದರ ಮುಂದೆ 50 ಆಗುತ್ತಿತ್ತು. ರಿಯಾಯಿತಿಗೆ ಮುಂಚಿನ ಸ್ವಂತ ಹಾನಿಯ ಪ್ರೀಮಿಯಂ ವರ್ಷಕ್ಕೆ 10,000 ಎಂದು ಸ್ಥಿರವಾಗಿ ಹಿಡಿದರೆ, ಮುಂದಿನ ಐದು ವರ್ಷಗಳಲ್ಲಿ ಕೈಬಿಟ್ಟು ಹೋಗುವ ರಿಯಾಯಿತಿ ಕ್ರಮವಾಗಿ 4,500, 3,000, 2,500, 1,500, 500, ಒಟ್ಟು 12,000 ರೂಪಾಯಿ. ಅಂದರೆ ನೆರೆಯವರ ಸಿಟ್ಟಿಗೆ ವಿಮಾ ಕಂಪನಿ ಕೊಡುವ ನಿಜವಾದ ಹಣ 15,750, ಉಳಿದ 18,250 ನನ್ನದೇ ಜೇಬಿನಿಂದ. ಸವಕಳಿ ರಹಿತ ಹೆಚ್ಚುವರಿ ರಕ್ಷಣೆ ಮತ್ತು ಬೋನಸ್ ರಕ್ಷಣೆ ಎರಡನ್ನೂ ಕೊಂಡವರಿಗೆ ಈ ಲೆಕ್ಕ ಬಹಳ ಸುಧಾರಿಸುತ್ತದೆ. ನನ್ನ ಪಾಲಿಸಿಯಲ್ಲಿ ಅವು ಇರಲಿಲ್ಲ.

ಹಾನಿ ಮಾಡಿದವರು ಗೊತ್ತಿರುವಾಗ ಇನ್ನೊಂದು ತೊಡಕಿದೆ. ವಿಮಾ ಕಂಪನಿ ಹಣ ಕೊಟ್ಟ ಮೇಲೆ ತಪ್ಪಿತಸ್ಥನಿಂದ ವಸೂಲಿ ಮಾಡುವ ನಿಮ್ಮ ಹಕ್ಕು ಆ ಮಟ್ಟಿಗೆ ಕಂಪನಿಗೆ ವರ್ಗವಾಗುತ್ತದೆ. ಆದ್ದರಿಂದ ಒಂದು ಕೈಯಲ್ಲಿ ಕ್ಲೇಮ್ ಹಣ ಪಡೆದು, ಇನ್ನೊಂದು ಕೈಯಲ್ಲಿ ನೆರೆಯವರಿಂದಲೂ ಪೂರ್ತಿ ಪರಿಹಾರ ಪಡೆಯುವುದು ಸಲ್ಲದು. ಕಂಪನಿಗೆ ತಿಳಿಸದೆ ‘ನನಗೂ ಇವರಿಗೂ ಇನ್ನೇನೂ ಬಾಕಿಯಿಲ್ಲ’ ಎಂದು ರಾಜಿಪತ್ರ ಬರೆದುಕೊಟ್ಟರೆ ಕ್ಲೇಮಿಗೇ ಸಂಚಕಾರ. ನಾನು ಲೆಕ್ಕ ಹಾಕಿದ ಮೇಲೆ ಹಣ ಪಡೆಯದೆ ಕ್ಲೇಮನ್ನು ಹಿಂದಕ್ಕೆ ಪಡೆದೆ, ಆದರೆ ಸರ್ವೇ ವರದಿಯ ಪ್ರತಿಯನ್ನು ಕೇಳಿ ಇಟ್ಟುಕೊಂಡೆ. ಪಕ್ಷಪಾತವಿಲ್ಲದ ಮೂರನೆಯವರು ಬರೆದ ಹಾನಿಯ ಮೊತ್ತಕ್ಕಿಂತ ಒಳ್ಳೆಯ ದಾಖಲೆ ನನ್ನ ಬಳಿ ಬೇರೆ ಇರಲಿಲ್ಲ. ಈ ಸೇವೆಗೆ ಮೂರೂವರೆ.

ವಿಮಾ ಕಂಪನಿಯೇ ಅಡ್ಡಗಾಲು ಹಾಕಿದರೆ ಹೋಗುವ ಜಾಗಗಳು ಬೇರೆ. ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟು, ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ವಿಮೆ ಸಾರ್ವಜನಿಕ ಉಪಯುಕ್ತ ಸೇವೆಗಳ ಪಟ್ಟಿಯಲ್ಲಿರುವುದರಿಂದ ಖಾಯಂ ಲೋಕ ಅದಾಲತ್ತಿಗೂ ಹೋಗಬಹುದು. ಸಾಮಾನ್ಯ ಲೋಕ ಅದಾಲತ್ತಿಗಿಲ್ಲದ ಒಂದು ಅಧಿಕಾರ ಅದಕ್ಕಿದೆ, ರಾಜಿಯಾಗದಿದ್ದರೆ ಗುಣಾವಗುಣ ನೋಡಿ ತೀರ್ಪು ಕೊಡಬಲ್ಲದು. ಗ್ರಾಹಕರ ಆಯೋಗವೂ ಇದೆ. ಇವೆಲ್ಲ ಕಂಪನಿಯ ವಿರುದ್ಧ ಮಾತ್ರ, ನೆರೆಯವರ ವಿರುದ್ಧ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆಂದು ಹೊರಟವರನ್ನೂ ನಾನು ಕಂಡಿದ್ದೇನೆ.

ಸಿವಿಲ್ ದಾವೆಯ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಚರ ಸ್ವತ್ತಿಗೆ ಮಾಡಿದ ಹಾನಿಗೆ ಪರಿಹಾರ ಕೇಳಲು ಮೂರು ವರ್ಷದ ಕಾಲಮಿತಿಯಿದೆ. ಕ್ರಿಮಿನಲ್ ಪ್ರಕರಣದಂತೆ ಸಂಶಯಾತೀತವಾಗಿ ರುಜುವಾತು ಮಾಡಬೇಕಿಲ್ಲ, ಯಾವ ಪಕ್ಷದ ಮಾತು ಹೆಚ್ಚು ಸಂಭವನೀಯ ಎಂಬುದೇ ಸಾಕು. ರಿಪೇರಿಯ ಖರ್ಚಿನ ಜೊತೆಗೆ ಕಾರಿಲ್ಲದ ದಿನಗಳ ಬಾಡಿಗೆ ವಾಹನದ ವೆಚ್ಚವನ್ನೂ ಕೇಳಬಹುದು, ಮುಂದೆ ಕಾರು ಮುಟ್ಟದಂತೆ ಪ್ರತಿಬಂಧಕಾಜ್ಞೆಯನ್ನೂ ಕೋರಬಹುದು. ಆದರೆ ನ್ಯಾಯಾಲಯ ಶುಲ್ಕ, ವಕೀಲರ ಸಂಭಾವನೆ, ವಾಯಿದೆಗಳ ಮೇಲೆ ವಾಯಿದೆ ಇವುಗಳ ಎದುರು 34,000 ರೂಪಾಯಿಯ ವ್ಯಾಜ್ಯ ಸೊರಗಿಹೋಗುತ್ತದೆ. ನಾನು ಭೇಟಿಯಾದ ವಕೀಲರೇ ‘ನೋಟಿಸು ಕಳಿಸೋಣ, ದಾವೆ ಬೇಡ’ ಎಂದರು. ವಕೀಲರೊಬ್ಬರು ಹಾಗೆ ಹೇಳಿದ್ದಕ್ಕೆ ಅವರ ಮೇಲಿನ ನನ್ನ ಗೌರವ ಹೆಚ್ಚಿತು. ಹಾನಿ ಕೆಲವು ಲಕ್ಷಗಳದ್ದಾಗಿದ್ದು, ವಿಮೆಯಿಲ್ಲದಿದ್ದರೆ, ಎದುರಾಳಿ ಕೊಡಬಲ್ಲ ಸ್ಥಿತಿಯಲ್ಲಿದ್ದರೆ ಈ ದಾರಿ ಸರಿ.

ತಪ್ಪಿತಸ್ಥರು ಯಾರೆಂಬುದರ ಮೇಲೆ ದಾರಿ ಪೂರ್ತಿ ಬದಲಾಗುವ ಎರಡು ಸಂದರ್ಭಗಳನ್ನು ಇಲ್ಲಿ ಹೇಳಲೇಬೇಕು. ಹೆಂಡತಿಯ ಕಾರನ್ನು ಗಂಡನೋ ಅವನ ಮನೆಯವರೋ ಕೆಡಿಸಿದ್ದರೆ 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆ ಅಧಿನಿಯಮವೇ ಹೆಚ್ಚು ಉಪಯುಕ್ತ. ಅದರ ಕಲಂ 20ರಲ್ಲಿ ಆಕೆಯ ಸ್ವಾಧೀನದಲ್ಲಿದ್ದ ಸ್ವತ್ತಿನ ನಾಶ ಮತ್ತು ಹಾನಿಯಿಂದಾದ ನಷ್ಟವನ್ನು ತುಂಬಿಸಿಕೊಡುವ ಆದೇಶಕ್ಕೆ ಅವಕಾಶವಿದೆ, ಕಲಂ 18ರಲ್ಲಿ ರಕ್ಷಣಾ ಆದೇಶವೂ ಸಿಗುತ್ತದೆ. ಕಾರು ಜಂಟಿ ಹೆಸರಿನಲ್ಲಿದೆ, ಆದ್ದರಿಂದ ತನ್ನ ಸ್ವತ್ತನ್ನೇ ತಾನು ಒಡೆದದ್ದು ಎಂಬ ವಾದಕ್ಕೂ ಬೆಲೆಯಿಲ್ಲ, ಜಂಟಿ ಸ್ವತ್ತನ್ನು ಕೆಡಿಸುವುದೂ ಅಪರಾಧವೇ ಎಂದು ಕಲಂ 324ರ ವಿವರಣೆ ಸ್ಪಷ್ಟವಾಗಿ ಹೇಳುತ್ತದೆ. ಇನ್ನೊಂದು, ಬೀದಿಯ ಹುಡುಗರ ಕೆಲಸ. ಹದಿನೆಂಟರೊಳಗಿನವರ ಮೇಲೆ ಇಂತಹ ಸಣ್ಣ ಅಪರಾಧಕ್ಕೆ ಸಾಮಾನ್ಯವಾಗಿ ಎಫ್‌ಐಆರ್ ಆಗುವುದಿಲ್ಲ, ದಿನಚರಿಯಲ್ಲಿ ನಮೂದಾಗಿ ವಿಷಯ ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ. ಅಂತಹ ಕಡೆ ಹುಡುಗನ ತಂದೆತಾಯಿಯನ್ನು ಮಾತುಕತೆಗೆ ಕೂರಿಸುವುದೇ ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಹಾಗೆ ಕೂರಿಸುವ ಕೆಲಸಕ್ಕೆಂದೇ ಇರುವ ಸರ್ಕಾರಿ ಸೇವೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ನಾಲ್ಕರಲ್ಲಿ ಜನರಿಗೆ ಅತಿ ಕಡಿಮೆ ಗೊತ್ತಿರುವುದು, ನನ್ನ ಮಟ್ಟಿಗೆ ಅತಿ ಹೆಚ್ಚು ಕೆಲಸ ಮಾಡಿದ್ದು ಇದೇ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದಡಿ ಪ್ರತಿ ಜಿಲ್ಲೆಯಲ್ಲೂ ಪ್ರಾಧಿಕಾರ, ತಾಲ್ಲೂಕುಗಳಲ್ಲಿ ಸಮಿತಿ ಇವೆ. ರಾಜ್ಯ ಪ್ರಾಧಿಕಾರ ಬೆಂಗಳೂರಿನ ಸಿದ್ಧಯ್ಯ ರಸ್ತೆಯ ನ್ಯಾಯದೇಗುಲದಲ್ಲಿದ್ದು, ಬೆಂಗಳೂರು ಮಧ್ಯಸ್ಥಿಕೆ ಕೇಂದ್ರವೂ ಅದೇ ಕಟ್ಟಡದಲ್ಲಿದೆ. ದೂರವಾಣಿಯಲ್ಲಿ ವಿಚಾರಿಸುವವರಿಗೆ 15100 ಎಂಬ ರಾಷ್ಟ್ರೀಯ ಸಹಾಯವಾಣಿಯಿದೆ. ಉಚಿತ ವಕೀಲರ ನೆರವು ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರು ಮೊದಲಾದ ವರ್ಗಗಳಿಗೆ ಮೀಸಲು. ಕಾರಿರುವ ನನಗೆ ಅದು ಅನ್ವಯಿಸಲಿಲ್ಲ, ಅನ್ವಯಿಸಬಾರದು ಕೂಡ. ಆದರೆ ಮೊಕದ್ದಮೆ ಹೂಡುವ ಮೊದಲೇ ವ್ಯಾಜ್ಯವನ್ನು ಲೋಕ ಅದಾಲತ್ತಿನ ಮುಂದಿಡಲು ಯಾರು ಬೇಕಾದರೂ ಅರ್ಜಿ ಹಾಕಬಹುದು, ಶುಲ್ಕವಿಲ್ಲ.

ನಾನು ಅರ್ಜಿಯ ಜೊತೆ ಹಿಂಬರಹ, ಅಂದಾಜು ಪಟ್ಟಿ, ಸರ್ವೇ ವರದಿ, ಪೆನ್‌ಡ್ರೈವ್ ಮತ್ತು ಪ್ರಮಾಣಪತ್ರದ ಪ್ರತಿಗಳನ್ನು ಕೊಟ್ಟೆ. ಪ್ರಾಧಿಕಾರದಿಂದ ನೆರೆಯವರಿಗೆ ನೋಟಿಸು ಹೋಯಿತು. ವಕೀಲರ ನೋಟಿಸಿಗೆ ಉತ್ತರಿಸದಿದ್ದವರು, ನ್ಯಾಯಾಲಯದ ಆವರಣದಿಂದ ಬಂದ ಈ ಕಾಗದಕ್ಕೆ ಮಗನನ್ನು ಕರೆದುಕೊಂಡು ಬಂದರು. ನ್ಯಾಯಾಧೀಶರೂ ಸಂಧಾನಕಾರರಾದ ವಕೀಲರೊಬ್ಬರೂ ಕೂತಿದ್ದರು. ಅಲ್ಲಿ ಯಾರೂ ‘ತಪ್ಪು ಒಪ್ಪಿಕೊಳ್ಳಿ’ ಎನ್ನಲಿಲ್ಲ, ‘ಖರ್ಚು ಎಷ್ಟು, ಜಾಗದ ತಕರಾರು ಏನು’ ಎಂದು ಎರಡೇ ಪ್ರಶ್ನೆಗಳ ಸುತ್ತ ಮಾತು ಸಾಗಿತು. ನೆರೆಯವರು ಮೊದಲು ಹತ್ತು ಸಾವಿರ ಎಂದರು. ಸರ್ವೇ ವರದಿಯನ್ನು ಮೇಜಿನ ಮೇಲಿಟ್ಟಾಗ ಚೌಕಾಸಿ ನಿಂತಿತು. ಕೊನೆಗೆ ಎರಡು ಕಂತುಗಳಲ್ಲಿ 30,000 ರೂಪಾಯಿ, ಅವರ ಗೇಟಿನ ಎದುರು ನಾನು ಕಾರು ನಿಲ್ಲಿಸದಿರುವುದು, ಠಾಣೆಯ ದೂರನ್ನು ನಾನು ಮುಂದುವರಿಸದಿರುವುದು ಎಂದು ಬರೆಸಿ ಇಬ್ಬರೂ ಸಹಿ ಹಾಕಿದೆವು. ಖಾಸಗಿ ವ್ಯಕ್ತಿಗೆ ಮಾತ್ರ ಆದ ಈ ಪ್ರಮಾಣದ ಹಾನಿ ರಾಜಿಯಾಗಬಹುದಾದ ಅಪರಾಧವಾದ್ದರಿಂದ ಆ ಕೊನೆಯ ಷರತ್ತಿಗೂ ಕಾನೂನಿನ ಅಡ್ಡಿಯಿರಲಿಲ್ಲ. ವಿಮೆಗಿಂತ 2,250 ರೂಪಾಯಿ ಹೆಚ್ಚು ಬಂತು, ಬೋನಸ್ಸೂ ಉಳಿಯಿತು.

ದೋಷಗಳಿಲ್ಲವೆಂದಲ್ಲ. ಎದುರಿನವರು ಬಾರದಿದ್ದರೆ ಅಥವಾ ಬಂದೂ ಒಪ್ಪದಿದ್ದರೆ ಸಾಮಾನ್ಯ ಲೋಕ ಅದಾಲತ್ ತಾನಾಗಿ ತೀರ್ಪು ಕೊಡುವಂತಿಲ್ಲ. ಅಷ್ಟು ಹೊತ್ತಿನ ಕಾಯುವಿಕೆ ವ್ಯರ್ಥ. ಒಂದೇ ದಿನ ಚೆಕ್ ಬೌನ್ಸ್, ಬ್ಯಾಂಕ್ ಸಾಲದ ಪ್ರಕರಣಗಳ ರಾಶಿಯ ನಡುವೆ ನಮ್ಮಂಥವರ ಸರದಿ ಬರುವ ಹೊತ್ತಿಗೆ ಎಲ್ಲರೂ ದಣಿದಿರುತ್ತಾರೆ. ಪೂರ್ಣ ಮೊತ್ತವೇ ಬೇಕೆಂಬ ಹಟದವರಿಗೂ, ಆ ವ್ಯಕ್ತಿಗೆ ಶಿಕ್ಷೆಯಾಗಲೇಬೇಕೆಂಬ ಸಿಟ್ಟಿನವರಿಗೂ ಈ ಸೇವೆ ಹಿಡಿಸುವುದಿಲ್ಲ. ಸಹಿ ಹಾಕುವ ಮೊದಲು ಕಂತಿನ ದಿನಾಂಕ, ಕಂತು ತಪ್ಪಿದರೆ ಬಾಕಿ ಪೂರ್ತಿ ಒಮ್ಮೆಲೇ ಸಲ್ಲಬೇಕೆಂಬ ಮಾತು, ಹಣ ಬ್ಯಾಂಕ್ ಖಾತೆಗೇ ಬರಬೇಕೆಂಬುದು ಇಷ್ಟನ್ನು ಸ್ಪಷ್ಟವಾಗಿ ಬರೆಸಿಕೊಳ್ಳಬೇಕು. ತಾವಾಗಿ ಯಾರೂ ಇದನ್ನು ಸೇರಿಸಲಿಲ್ಲ, ನಾನೇ ಕೇಳಿ ಸೇರಿಸಬೇಕಾಯಿತು. ಇಷ್ಟಾದರೂ ಐದಕ್ಕೆ ನಾಲ್ಕೂವರೆ ಕೊಡಲು ಕಾರಣ ಆ ರಾಜಿಯ ತೂಕ. ಲೋಕ ಅದಾಲತ್ತಿನ ಅವಾರ್ಡ್ ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿಯಿಲ್ಲ, ಹಣ ಬಾರದಿದ್ದರೆ ಹೊಸ ದಾವೆ ಹೂಡದೆ ನೇರವಾಗಿ ಅಮಲ್ಜಾರಿ, ಅಂದರೆ ನ್ಯಾಯಾಲಯದ ಮೂಲಕ ವಸೂಲಿಯ, ಅರ್ಜಿ ಹಾಕಬಹುದು, ಅದಕ್ಕೆ ಹನ್ನೆರಡು ವರ್ಷಗಳ ಕಾಲಾವಕಾಶವಿದೆ. ಎರಡನೆಯ ಕಂತು ತಡವಾಗಿ ಬಂದರೂ ಅಮಲ್ಜಾರಿಯವರೆಗೆ ಹೋಗುವ ಅಗತ್ಯ ನನಗೆ ಬೀಳಲಿಲ್ಲ.